ಬೆಂಪ್ಟನ್ ಬಂಡೆಗೆ ಕ್ಯಾಮೆರಾ ಹೊರುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಜೂನ್‌ನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಯಾರ್ಕ್‌ಶೈರಿನ ಬೆಂಪ್ಟನ್‌ಗೆ ಹೋಗುವುದಾಗಿ ಬರೆದಿದ್ದೀಯ. ಒಳ್ಳೆಯ ಜಾಗ ಆರಿಸಿದ್ದೀಯ. ಇಂಗ್ಲೆಂಡಿನಲ್ಲಿ ದ್ವೀಪ ಬಿಟ್ಟು ಮುಖ್ಯ ನೆಲದ ಮೇಲೆ ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಗಳು ಗುಂಪಾಗಿ ಗೂಡು ಕಟ್ಟುವುದು ಅಲ್ಲಿ ಮಾತ್ರ. ಹಲ್–ಸ್ಕಾರ್ಬರೊ ರೈಲಿನಲ್ಲಿ ಬೆಂಪ್ಟನ್ ಸ್ಟೇಷನ್ನಿಗೆ ಇಳಿದರೆ ಅರ್ಧ ಗಂಟೆ ನಡಿಗೆ.

ಕಡಲಂಚಿನ ಆ ಕಡಿದಾದ ಬಂಡೆಗಳ ಮುಖ ಈಶಾನ್ಯಕ್ಕಿದೆ. ಹಾಗಾಗಿ ಬೆಳಗಿನ ಬಿಸಿಲು ನೇರ ಮೇಲೆ ಬೀಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಸುಣ್ಣಕಲ್ಲಿನ ಗೋಡೆಯೆಲ್ಲ ನೆರಳು. ಒಂಬತ್ತರೊಳಗೆ ತಲುಪು. ಸ್ಟೇಪಲ್ ನ್ಯೂಕ್ ಎಂಬ ವೀಕ್ಷಣಾ ಕಟ್ಟೆಗೇ ಮೊದಲು ಹೋಗು. ಗ್ಯಾನೆಟ್‌ಗಳು ಗೂಡಿಗೆಂದು ಬಂಡೆಯಂಚಿನ ಹುಲ್ಲನ್ನು ಕೊಕ್ಕಿನಲ್ಲಿ ಕಿತ್ತುಕೊಂಡು, ಬೇರಿನ ಮಣ್ಣು ಉದುರಿಸುತ್ತಾ ನಿನ್ನ ಕಣ್ಣಿನ ಮಟ್ಟದಲ್ಲೇ ಹಾದುಹೋಗುತ್ತವೆ. ರೆಕ್ಕೆ ಬಿಚ್ಚಿದರೆ ಆರಡಿ ಅಗಲ. ದೊಡ್ಡ 600 ಎಂಎಂ ಲೆನ್ಸ್ ಹೊತ್ತು ಹೋದರೆ ರೆಕ್ಕೆಯ ತುದಿ ಫ್ರೇಮಿನಾಚೆ ಉಳಿಯುತ್ತದೆ, 100–400 ಎಂಎಂ ಜೂಮ್ ಸಾಕು. ಟ್ರೈಪಾಡ್ ಬೇಡ, ಕಟ್ಟೆಯಲ್ಲಿ ಜನ ತುಂಬಿರುತ್ತಾರೆ.

ನಿನ್ನನ್ನು ನಿಜಕ್ಕೂ ಕಾಡುವುದು ಆ ಬಿಳಿ ಬಣ್ಣ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಬಣ್ಣದ ಕೊಕ್ಕರೆ ತೆಗೆದ ಅಭ್ಯಾಸ ಇಲ್ಲಿ ಅಷ್ಟು ನೆರವಾಗದು. ಹಿಂದೆ ಕಪ್ಪು ಸಮುದ್ರವಿದ್ದಾಗ ಕ್ಯಾಮೆರಾ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಗರಿಗಳೆಲ್ಲ ಸುಣ್ಣ ಬಳಿದಂತಾಗುತ್ತವೆ. ಅದೇ ಹಕ್ಕಿ ಮೇಲೇರಿ ಆಕಾಶಕ್ಕೆ ಬಂದರೆ ಕರಿ ನೆರಳು. ಆದರೆ ಹಕ್ಕಿಯ ಮೇಲೆ ಬೀಳುವ ಬಿಸಿಲು ಎರಡೂ ಕಡೆ ಒಂದೇ ಅಲ್ಲವೇ? ಆದ್ದರಿಂದ ಕ್ಯಾಮೆರಾ ತಾನಾಗಿ ಬೆಳಕು ಬದಲಿಸದಂತೆ ಮ್ಯಾನುಯಲ್‌ನಲ್ಲಿಡು. ಪೂರ್ಣ ಬಿಸಿಲಿಗೆ ಲೆನ್ಸಿನ ತೆರವು ಎಫ್/8, ಶಟರ್ ವೇಗ 1/2500 ಸೆಕೆಂಡು, ಬೆಳಕಿನ ಸಂವೇದನೆ ಐಎಸ್‌ಒ 400ರಿಂದ ಶುರುಮಾಡಿ, ನಾಲ್ಕೈದು ಚಿತ್ರ ತೆಗೆದು ಹಿಸ್ಟೊಗ್ರಾಂ, ಅಂದರೆ ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ, ನೋಡು. ಅದು ಬಲತುದಿಗೆ ಗುದ್ದಿದ್ದರೆ ಬಿಳಿ ಸುಟ್ಟಿದೆ ಎಂದರ್ಥ, ಬೆಳಕನ್ನು ಒಂದು ಕ್ಲಿಕ್ ಇಳಿಸು. ದಟ್ಟ ಮೋಡ ಕವಿದರೆ ಎಫ್/6.3, 1/1600, ಐಎಸ್‌ಒ 1600ರ ಆಸುಪಾಸು. ಮೋಡ ಸರಿದೊಡನೆ ಹಿಂದಕ್ಕೆ ತಿರುಗಿಸಲು ಮರೆಯುವುದೇ ಎಲ್ಲರಿಗೂ ಆಗುವ ತಪ್ಪು. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ನಲ್ಲೂ ಸುಟ್ಟುಹೋದ ಗರಿ ಮರಳಿ ಬಾರದು.

ಗಾಳಿಯ ದಿಕ್ಕನ್ನು ಹಿಂದಿನ ರಾತ್ರಿಯೇ ನೋಡಿಕೋ. ಹಕ್ಕಿ ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ನೈಋತ್ಯದ ಗಾಳಿ ಇದ್ದರೆ ಸಮುದ್ರದಿಂದ ಬರುವಾಗ ಮುಖ ನಿನ್ನ ಕಡೆಗಿರುತ್ತದೆ. ಸಮುದ್ರದ ಗಾಳಿ ಬಂಡೆಗೆ ಬಡಿದು ಮೇಲೇರುವ ದಿನ ಹಕ್ಕಿಗಳು ಗಾಳಿಪಟದಂತೆ ನಿಲ್ಲುತ್ತವೆ, ಫೋಕಸ್ ಸುಲಭ, ಆದರೆ ಬಾಲವೇ ಜಾಸ್ತಿ ಸಿಗುತ್ತದೆ. ಅಂಥ ದಿನ ಲೆನ್ಸಿನ ಮೇಲೆ ಉಪ್ಪಿನ ಪದರವೂ ಕೂರುತ್ತದೆ. ಒಣಬಟ್ಟೆಯಲ್ಲಿ ಉಜ್ಜಬೇಡ, ಗೀರು ಬಿದ್ದೀತು. ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ತುಸು ಒದ್ದೆ ಬಟ್ಟೆ.

ಚಿತ್ರ ಹಿಗ್ಗಿಸಿ ನೋಡುವಾಗ ಗ್ಯಾನೆಟ್ಟಿನ ತಿಳಿನೀಲಿ ಕಣ್ಣು ಕಪ್ಪಾಗಿ ಕಂಡರೆ ಫೋಕಸ್ ತಪ್ಪಿತೆಂದುಕೊಳ್ಳಬೇಡ. 2022ರ ಹಕ್ಕಿಜ್ವರದಿಂದ ಬದುಕುಳಿದ ಕೆಲವು ಹಕ್ಕಿಗಳ ಕಣ್ಣು ಕಪ್ಪಾಗಿದ್ದನ್ನು ಸ್ಕಾಟ್ಲೆಂಡಿನ ಬಾಸ್ ರಾಕ್‌ನಲ್ಲಿ ಗುರುತಿಸಿದ್ದಾರೆ. ಅಂಥದ್ದು ಸಿಕ್ಕರೆ ಆ ಚಿತ್ರವನ್ನು ಜೋಪಾನ ಮಾಡು.

ಪಫಿನ್ ಎಂಬ ಬಣ್ಣದ ಕೊಕ್ಕಿನ ಪುಟ್ಟ ಕಡಲಹಕ್ಕಿಯ ಮೇಲೆ ಬಹಳ ಆಸೆ ಬೇಡ. ಇಲ್ಲಿ ಅವು ಬಂಡೆಯ ಸಂದುಗಳಲ್ಲಿ ಗೂಡು ಮಾಡುವುದರಿಂದ ಎಲ್ಲೋ ಕೆಳಗೆ ಪುಟ್ಟದಾಗಿ ಕಾಣುತ್ತವೆ. ಜುಲೈ ಮುಗಿಯುವಷ್ಟರಲ್ಲಿ ಸಮುದ್ರಕ್ಕೆ ಹೊರಟುಹೋಗುತ್ತವೆ.

ಸಂಜೆ ಹಿಂದಿನ ಹೊಲಗಳ ಮೇಲೆ ಕಣಜಗೂಬೆ ಹಾರಾಡಿದರೆ ದಾರಿಯಲ್ಲೇ ನಿಂತು ತೆಗೆ. ಗೂಡು ಹುಡುಕಿ ಹೋಗಬೇಡ. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದೂ ಇದೆ, ಮಿಂಚುಳ್ಳಿಯೂ ಇದೆ; ಗೂಡಿನಲ್ಲಿರುವಾಗ ಅವನ್ನು ಕದಲಿಸುವುದು ಅಪರಾಧ.

ಮೊದಲ ಇಪ್ಪತ್ತು ಚಿತ್ರಗಳನ್ನು ಅಳಿಸದೆ ಕಳಿಸು. ಬಿಳಿ ಎಲ್ಲಿ ಸುಟ್ಟಿದೆಯೋ ಇಬ್ಬರೂ ಕೂತು ನೋಡೋಣ.

ನಿನ್ನವನು