ಎಲ್ಲಿಸ್ ದ್ವೀಪಕ್ಕೆ ಹೊರಡುವ ಮುಂಚೆ ಒಂದು ಕೆಲಸ

ಪ್ರೀತಿಯ ಪೋಷಕರೇ,

ನಮಸ್ಕಾರ. ಬರುವ ಭಾನುವಾರ ನಮ್ಮ ಕನ್ನಡ ಶಾಲೆಯ ದೊಡ್ಡ ಮಕ್ಕಳನ್ನು, ಹಿಂದೆ ಹಡಗಿನಲ್ಲಿ ಅಮೆರಿಕಕ್ಕೆ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ವಲಸೆ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದೇವೆ. ಜರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕ್‌ನಿಂದ ಫೆರಿ. ಬೆಳಿಗ್ಗೆ 8:30ಕ್ಕೆ ಅಲ್ಲಿರಿ. ವಿಮಾನ ನಿಲ್ದಾಣದ ಹಾಗೆ ತಪಾಸಣೆ ಇರುತ್ತದೆ, ದೊಡ್ಡ ಬ್ಯಾಗ್ ಬೇಡ.

ಕಳೆದ ವಾರ ಒಬ್ಬ ಹುಡುಗ ಕೇಳಿದ: "ನಮ್ಮ ತಾತ ಅಜ್ಜಿ ಅಲ್ಲಿಗೆ ಬಂದೇ ಇಲ್ಲ ಅಲ್ವಾ ಮಿಸ್?" ನಿಜ. 1892ರಿಂದ 1954ರವರೆಗೆ ಅಲ್ಲಿಳಿದ ಸುಮಾರು 1 ಕೋಟಿ 20 ಲಕ್ಷ ಜನರಲ್ಲಿ ಹೆಚ್ಚಿನವರು ಯುರೋಪಿನವರು. 1917ರ ಕಾನೂನು ನಮ್ಮಂಥವರಿಗೆ ಬಾಗಿಲು ಹಾಕಿತ್ತು. 1946ರಲ್ಲಿ ತೆರೆದಾಗಲೂ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ. ಆ ಕೋಟಾ ಪದ್ಧತಿ ತೆಗೆದ 1965ರ ಕಾನೂನು ಬಂದಿದ್ದರಿಂದಲೇ ನಮ್ಮಲ್ಲಿ ಬಹಳ ಜನ ಇಲ್ಲಿದ್ದೇವೆ. ಇದನ್ನೂ ಮಕ್ಕಳಿಗೆ ಹೇಳುತ್ತೇನೆ.

ಆದರೂ ಆ ಜಾಗ ನಮ್ಮದೂ ಹೌದು ಅಂತ ನನಗೆ ಅನಿಸುತ್ತದೆ. ದುಡ್ಡಿದ್ದವರಿಗೆ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಬಡವರು ಗಂಟುಮೂಟೆ ಹಿಡಿದು ದ್ವೀಪಕ್ಕೆ ಬರಬೇಕಿತ್ತು. ಅವರು ಮೆಟ್ಟಿಲು ಹತ್ತುವಾಗಲೇ ಡಾಕ್ಟರು ನೋಡುತ್ತಿದ್ದರು, ಯಾರಿಗೆ ಏದುಸಿರು, ಯಾರು ಕುಂಟುತ್ತಾರೆ ಅಂತ. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದಕ್ಷರ. ಹೃದಯಕ್ಕೆ 'ಎಚ್', ಕಣ್ಣಿಗೆ 'ಇ'. ಒಂದು ಮನೆಯವರಲ್ಲಿ ಒಬ್ಬರ ಕೋಟಿಗೆ ಮಾತ್ರ ಆ ಗುರುತು ಬಿದ್ದರೆ ಉಳಿದವರಿಗೆ ಹೇಗಾಗಿರಬೇಕು! ವೀಸಾ ಕಿಟಕಿಯ ಮುಂದೆ ನಿಂತವರಿಗೆ ಆ ಎದೆಬಡಿತ ಗೊತ್ತು.

ಅಲ್ಲಿನ ಗುಮಾಸ್ತರು ಜನರ ಹೆಸರು ಬದಲಾಯಿಸುತ್ತಿದ್ದರು ಎಂಬ ಮಾತನ್ನು ಮಕ್ಕಳು ಕೇಳಿರುತ್ತಾರೆ. ಅದು ಸರಿಯಲ್ಲ. ಹಡಗಿನವರು ಮೊದಲೇ ಬರೆದು ತಂದ ಪಟ್ಟಿ ನೋಡಿಯೇ ಅವರು ಪ್ರಶ್ನೆ ಕೇಳುತ್ತಿದ್ದರು. ಎಷ್ಟೋ ಹೆಸರುಗಳು ಆಮೇಲೆ, ಇಲ್ಲಿ ಬದುಕು ಕಟ್ಟಿಕೊಳ್ಳುವಾಗ ಬದಲಾದವು. ತರಗತಿಯಲ್ಲಿ ದಿನಾ ತಮ್ಮ ಹೆಸರು ತಪ್ಪಾಗಿ ಕೇಳಿಸಿಕೊಳ್ಳುವ ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಕೆಳಗಿನ ಮಹಡಿಯಲ್ಲಿ ಹಳೆಯ ಟ್ರಂಕು, ಬುಟ್ಟಿ, ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದಾರೆ. ಅವುಗಳ ಮುಂದೆ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ನನ್ನ ಸೂಟ್‌ಕೇಸಿನಲ್ಲಿ ಕುಕ್ಕರ್ ಇತ್ತು. ಅದರೊಳಗೆ, ಜಾಗ ಸುಮ್ನೆ ಹಾಳಾಗಬಾರದು ಅಂತ, ಅಮ್ಮ ನ್ಯೂಸ್‌ಪೇಪರಿನಲ್ಲಿ ಸುತ್ತಿಟ್ಟ ಚಟ್ನಿಪುಡಿ. ಆ ಪೇಪರನ್ನು ನಾನು ಎಷ್ಟೋ ತಿಂಗಳು ಎಸೆಯಲಿಲ್ಲ.

ಅದಕ್ಕೇ ಈ ಕೆಲಸ. ನೀವು ಬಂದಾಗ ಪೆಟ್ಟಿಗೆಯಲ್ಲಿ ಏನಿತ್ತು, ಯಾರು ಕಟ್ಟಿಕೊಟ್ಟರು ಅಂತ ಈ ವಾರ ಮಗುವಿಗೆ ಹೇಳಿ. ಅಜ್ಜಿ ತಾತ ಊರಿನಲ್ಲಿದ್ದರೆ ಫೋನ್ ಹಚ್ಚಿಕೊಡಿ. ಮಗು ಅದನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ತರಲಿ. ತಪ್ಪಿದ್ದರೂ ನೀವು ತಿದ್ದಬೇಡಿ. ಫೆರಿಯಲ್ಲಿ ಕೂತು ಓದಿಸುತ್ತೇನೆ.

ಬುತ್ತಿಗೆ ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಡಿ. ನೀರಿನ ಮೇಲೆ ಗಾಳಿ ಜೋರು, ಸ್ವೆಟರ್ ಮರೆಯಬೇಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ