ಸಿಪಿಎ ಲೈಸೆನ್ಸ್ ಕುರಿತು ನಮ್ಮ ರಾಜ್ಯ ಸೆನೆಟರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಸೆನೆಟರ್ ಅವರೆ,

ಅಮೆರಿಕದ ಒಂದು ರಾಜ್ಯದಲ್ಲಿ ಸಿಪಿಎ (ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್, ನಮ್ಮೂರಿನ ಸಿಎ ಇದ್ದಂತೆ) ಲೈಸೆನ್ಸ್ ಪಡೆದವರು ಇನ್ನೊಂದು ರಾಜ್ಯಕ್ಕೆ ಹೋದಾಗ ಪಡುವ ಪಾಡಿನ ಬಗ್ಗೆ ಈ ಪತ್ರ. ಇದರ ಇಂಗ್ಲಿಷ್ ಪ್ರತಿಯನ್ನು ಕಳೆದ ವಾರವೇ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಕ್ಷೇತ್ರದ ಕನ್ನಡದ ಮನೆಗಳಲ್ಲಿ ಕಾಮರ್ಸ್ ಓದಿಕೊಂಡು ಇಲ್ಲಿಗೆ ಬಂದ ಹೆಣ್ಣುಮಕ್ಕಳು ನನಗೆ ಗೊತ್ತಿದ್ದವರೇ ಐದು ಜನ ಇದ್ದಾರೆ. ಗಂಡನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಾಗಲೆಲ್ಲ ಅವರೂ ಗಂಟುಮೂಟೆ ಕಟ್ಟುತ್ತಾರೆ. ಅವರೂ ಇದನ್ನು ಓದಿ ನಿಮಗೆ ಬರೆಯಲಿ ಎಂಬುದು ನನ್ನ ಆಸೆ.

ನನ್ನ ತಂದೆ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಜಮಾ ಯಾವುದು, ಖರ್ಚು ಯಾವುದು ಎಂದು ನಾನು ಕಲಿತದ್ದು ಅವರ ಕಿರ್ದಿ ಪುಸ್ತಕದಲ್ಲಿ. ಆಮೇಲೆ ಬಿ.ಕಾಂ., ಎಂ.ಕಾಂ. ಮುಗಿಸಿದೆ. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ಸಿಪಿಎ ಪರೀಕ್ಷೆಗೆ ಕೂತೆ. ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲೂ 75 ಬರಬೇಕು, ಆಗಿನ ನಿಯಮದಂತೆ ಮೊದಲನೆಯದು ಪಾಸಾದ 18 ತಿಂಗಳೊಳಗೆ ಉಳಿದವೂ ಮುಗಿಯಬೇಕಿತ್ತು. ಕೈಗೂಸನ್ನು ಮಲಗಿಸಿ, ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಓದಿ ಮುಗಿಸಿದೆ. ಒಬ್ಬ ಸಿಪಿಎ ಕೈಕೆಳಗೆ ಕೆಲಸ ಮಾಡಿ ಅನುಭವದ ಪತ್ರ ಪಡೆದೆ. ಆಗ ನಾವಿದ್ದ ರಾಜ್ಯ ಲೈಸೆನ್ಸ್ ಕೊಟ್ಟಿತು. ಅದರ ಫೋಟೊ ನೋಡಿದ ಅಪ್ಪ ಅದನ್ನು ಮಂಡಿಯವರಿಗೆಲ್ಲ ತೋರಿಸಿಕೊಂಡು ಬಂದಿದ್ದರಂತೆ.

ಮೂರೂವರೆ ವರ್ಷದ ಮೇಲೆ ನನ್ನ ಗಂಡನ ಕಂಪನಿ ನಮ್ಮನ್ನು ನಿಮ್ಮ ರಾಜ್ಯಕ್ಕೆ ಕಳಿಸಿತು. ಆಗಸ್ಟ್‌ನಲ್ಲಿ ಬಂದೆವು. ಬಂದ ಎರಡನೇ ವಾರವೇ ಲೈಸೆನ್ಸ್‌ಗೆ ಅರ್ಜಿ ಹಾಕಿದೆ. ಲೈಸೆನ್ಸ್ ಕೈಗೆ ಬಂದದ್ದು ಮರುವರ್ಷದ ಜೂನ್‌ನಲ್ಲಿ.

ಆ ಹತ್ತು ತಿಂಗಳು ಏನಾಯಿತು ಎಂಬುದನ್ನು ನೀವು ತಿಳಿಯಬೇಕು. ನನ್ನ ಮೂರು ವರ್ಷದ ಬಿ.ಕಾಂ. ಮತ್ತು ಎರಡು ವರ್ಷದ ಎಂ.ಕಾಂ. ಸೇರಿ ಸಿಪಿಎಗೆ ಬೇಕಾದ 150 ಕ್ರೆಡಿಟ್ ಗಂಟೆ (ಇಲ್ಲಿನ ಕಾಲೇಜು ಓದಿನ ಅಳತೆ) ಆಗುತ್ತದೆ ಎಂದು ಹಳೆಯ ರಾಜ್ಯ ಒಪ್ಪಿಕೊಂಡಿತ್ತು. ಇಲ್ಲಿನ ಲೈಸೆನ್ಸ್ ಬೋರ್ಡಿನವರು ಆ ಮೌಲ್ಯಮಾಪನವನ್ನು ಒಪ್ಪಲಿಲ್ಲ. ತಾವು ಹೇಳಿದ ಸಂಸ್ಥೆಯಿಂದಲೇ ಹೊಸದಾಗಿ ಮಾಡಿಸಬೇಕು ಎಂದರು. ಅದಕ್ಕೆ ವಿಶ್ವವಿದ್ಯಾಲಯದಿಂದ ನೇರವಾಗಿ, ಮೊಹರು ಮಾಡಿದ ಲಕೋಟೆಯಲ್ಲಿ ಅಂಕಪಟ್ಟಿ ಬರಬೇಕಿತ್ತು. ನನ್ನ ತಮ್ಮ ಮೂರು ಸಲ ರಜೆ ಹಾಕಿ ಹೋದ. ಮೊದಲ ಸಲ ಚಲನ್ ಕಟ್ಟಿ ಬಂದ, ಎರಡನೇ ಸಲ ಸಂಬಂಧಪಟ್ಟವರು ಇರಲಿಲ್ಲ, ಮೂರನೇ ಸಲ ಸಂಜೆಯವರೆಗೆ ಕಾದು ಕಳಿಸಿಕೊಟ್ಟ. ಅಷ್ಟರಲ್ಲಿ ಅನುಭವದ ಪತ್ರಕ್ಕೆ ಮತ್ತೆ ಸಹಿ ಬೇಕೆಂದರು. ಸಹಿ ಹಾಕಬೇಕಾದವರು ನಿವೃತ್ತರಾಗಿ ಬೇರೆ ಊರು ಸೇರಿದ್ದರು. ಹಿಂದಿನ 10 ವರ್ಷಗಳಲ್ಲಿ 4 ವರ್ಷ ಸಿಪಿಎ ಆಗಿ ದುಡಿದವರಿಗೆ ಓದಿನ ತಪಾಸಣೆಯಿಲ್ಲದೆ ಲೈಸೆನ್ಸ್ ಕೊಡುವ ನಿಯಮವೊಂದಿದೆ. ನನಗೆ ಆರು ತಿಂಗಳು ಕಡಿಮೆಯಿತ್ತು.

ನನಗಾಗಿ ಕಾದಿಟ್ಟಿದ್ದ ಆಡಿಟ್ ಕೆಲಸವನ್ನು ಕಂಪನಿಯವರು ಡಿಸೆಂಬರ್‌ನಲ್ಲಿ ಬೇರೆಯವರಿಗೆ ಕೊಟ್ಟರು. ಅವರನ್ನು ನಾನು ದೂರುವುದಿಲ್ಲ, ತೆರಿಗೆ ಲೆಕ್ಕ ಸಲ್ಲಿಸುವ ಕಾಲವಾದ ಜನವರಿಯಿಂದ ಏಪ್ರಿಲ್ 15ರವರೆಗೆ ಈ ವೃತ್ತಿಯಲ್ಲಿ ಯಾರೂ ಯಾರಿಗೂ ಕಾಯಲಾರರು. ಆದರೆ ಮಕ್ಕಳ ಆರೈಕೆಯ ಸಣ್ಣ ಸೇವಾಸಂಸ್ಥೆಯೊಂದು ತನ್ನ ಲೆಕ್ಕದ ಆಡಿಟ್ ಮಾಡಿಕೊಡಿ ಎಂದು ಕೇಳಿ ಬಂದಾಗ ಇಲ್ಲ ಎನ್ನಬೇಕಾಯಿತಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಲೈಸೆನ್ಸೇ ಬೇಡ ಎನ್ನುವವಳು ನಾನಲ್ಲ. ನ್ಯೂಯಾರ್ಕ್ 1896ರಲ್ಲಿ ಮೊದಲ ಸಿಪಿಎ ಕಾನೂನು ತಂದದ್ದು ಜನರ ಹಣ ಕಾಯುವುದಕ್ಕೆ. ಲೆಕ್ಕದಲ್ಲಿ ಮೋಸ ಮಾಡಿದ ಎನ್ರಾನ್ ಕಂಪನಿ 2001ರಲ್ಲಿ ಮುಳುಗಿದಾಗ ಎಷ್ಟು ಜನರ ನಿವೃತ್ತಿಯ ಉಳಿತಾಯ ಅದರ ಜೊತೆ ಮುಳುಗಿತು ಎಂಬುದನ್ನು ಈ ವೃತ್ತಿಯವರು ಯಾರೂ ಮರೆಯಬಾರದು. ಬೋರ್ಡ್ ಇರಲಿ, ಪರೀಕ್ಷೆ ಇರಲಿ, ತಪ್ಪು ಮಾಡಿದವರ ಲೈಸೆನ್ಸ್ ಹೋಗಲಿ. ನನ್ನ ಪ್ರಶ್ನೆ ಒಂದೇ: ಒಮ್ಮೆ ತೂಗಿ ನೋಡಿದ್ದನ್ನು ಮತ್ತೆ ಯಾಕೆ ತೂಗಬೇಕು? 50 ರಾಜ್ಯಗಳು, ವಾಷಿಂಗ್ಟನ್ ಡಿ.ಸಿ., ಪೋರ್ಟೊ ರಿಕೊ, ಗುವಾಮ್, ವರ್ಜಿನ್ ದ್ವೀಪಗಳು, ಉತ್ತರ ಮರಿಯಾನಾ ಸೇರಿ 55 ಕಡೆ ಲೈಸೆನ್ಸ್ ಕೊಡುವ ಬೋರ್ಡ್‌ಗಳಿವೆ. ಪರೀಕ್ಷೆ ಮಾತ್ರ ಎಲ್ಲ ಕಡೆಯೂ ಒಂದೇ. ನನ್ನ ಲೈಸೆನ್ಸ್ ಜಾರಿಯಲ್ಲಿದೆಯೇ ಎಂಬುದನ್ನು ಸಿಪಿಎ ವೆರಿಫೈ ಎಂಬ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಬಿಡಿಗಾಸಿಲ್ಲದೆ ನೋಡಬಹುದು.

ಇನ್ನೊಂದು ವಿಚಿತ್ರ ನೋಡಿ. ಮೊಬಿಲಿಟಿ ಕಾನೂನನ್ನು ಬಹುತೇಕ ಎಲ್ಲ ರಾಜ್ಯಗಳೂ ಒಪ್ಪಿವೆ. ಅದರಂತೆ ನಾನು ಹಳೆಯ ಊರಲ್ಲೇ ಕಚೇರಿ ಇಟ್ಟುಕೊಂಡು ಇಲ್ಲಿನ ಗ್ರಾಹಕರಿಗೆ ಸೇವೆ ಕೊಟ್ಟಿದ್ದರೆ ಇಲ್ಲಿ ಬೇರೆ ಲೈಸೆನ್ಸ್ ಬೇಕಿರಲಿಲ್ಲ. ಇಲ್ಲೇ ಮನೆ ಮಾಡಿ, ಇಲ್ಲೇ ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕಿದ್ದರಿಂದಲೇ ಬಾಗಿಲು ಮುಚ್ಚಿತು. ಕೇಂದ್ರದ ತೆರಿಗೆ ಇಲಾಖೆ ಐಆರ್‌ಎಸ್ ಕೂಡ ಯಾವ ರಾಜ್ಯದ ಸಿಪಿಎ ಆದರೂ ಗ್ರಾಹಕರ ಪರವಾಗಿ ತನ್ನ ಮುಂದೆ ನಿಲ್ಲಲು ಬಿಡುತ್ತದೆ.

ನಾನು ಬಂದ ದೇಶದಲ್ಲಿ ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ 1949ರ ಒಂದೇ ಕಾನೂನು, ಒಂದೇ ಸಂಸ್ಥೆ. ಬೆಂಗಳೂರಿನ ಸಿಎ ಭೋಪಾಲಕ್ಕೆ ಹೋದರೆ ಹೊಸ ವಿಳಾಸ ತಿಳಿಸಿದರೆ ಸಾಕು. ಅಮೆರಿಕದ ರಾಜ್ಯಗಳ ಅಧಿಕಾರ ಬೇರೆ ಬಗೆಯದು, ಅದು ನನಗೆ ಗೊತ್ತಿದೆ. ಆದರೆ ಆ ಅಧಿಕಾರ ಇಟ್ಟುಕೊಂಡೇ ದಾರಿ ಮಾಡಿದವರು ಇಲ್ಲೇ ಇದ್ದಾರೆ. ನರ್ಸ್‌ಗಳ ಲೈಸೆನ್ಸ್ ಪರಸ್ಪರ ನಡೆಯಲೆಂದು 40ಕ್ಕೂ ಹೆಚ್ಚು ರಾಜ್ಯಗಳು ಸೇರಿ ಒಪ್ಪಂದ ಮಾಡಿಕೊಂಡಿವೆ. ಬೇರೆ ರಾಜ್ಯದ ವೃತ್ತಿ ಲೈಸೆನ್ಸ್‌ಗಳನ್ನು ಮನ್ನಿಸುವ ಕಾನೂನನ್ನು ಅರಿಜೋನ 2019ರಲ್ಲೇ ತಂದಿತು. ವರ್ಗವಾಗಿ ಹೋಗುವ ಸೈನಿಕರ ಗಂಡ ಅಥವಾ ಹೆಂಡತಿಯ ಲೈಸೆನ್ಸ್ ಹೊಸ ರಾಜ್ಯದಲ್ಲೂ ನಡೆಯಬೇಕೆಂಬ ಕೇಂದ್ರದ ಕಾನೂನಿಗೆ 2023ರ ಜನವರಿಯಲ್ಲಿ ಸಹಿ ಬಿತ್ತು.

ಈಗ ಇನ್ನೊಂದು ತುರ್ತು ಬಂದಿದೆ. 150 ಗಂಟೆಯ ಬದಲು ಪದವಿ ಮತ್ತು ಎರಡು ವರ್ಷದ ಅನುಭವ ಸಾಕು ಎಂಬ ದಾರಿಯನ್ನು 2025ರಲ್ಲಿ ಒಹಾಯೊ ಮೊದಲಾಗಿ ಹಲವು ರಾಜ್ಯಗಳು ತೆರೆದವು. ಒಳ್ಳೆಯದೇ ಆಯಿತು, ಐದನೇ ವರ್ಷದ ಫೀಜು ಕಟ್ಟಲಾಗದ ಮಕ್ಕಳೂ ಈ ವೃತ್ತಿಗೆ ಬರುತ್ತಾರೆ. ಆದರೆ ಆ ದಾರಿಯಲ್ಲಿ ಬಂದವರು ರಾಜ್ಯ ಬದಲಿಸಿದಾಗ ಹಳೆಯ ನಿಯಮದ ಗೋಡೆಗೆ ತಲೆ ಚಚ್ಚಿಕೊಳ್ಳಬೇಕಾದರೆ ಪ್ರಯೋಜನವೇನು?

ಮುಂದಿನ ಅಧಿವೇಶನದಲ್ಲಿ ನೀವೊಂದು ಸಣ್ಣ ತಿದ್ದುಪಡಿ ತನ್ನಿ. ಯಾವುದೇ ರಾಜ್ಯದ ಲೈಸೆನ್ಸ್ ಜಾರಿಯಲ್ಲಿದ್ದು, ಪರೀಕ್ಷೆ ಪಾಸಾಗಿದ್ದು, ಶಿಸ್ತುಕ್ರಮ ಇಲ್ಲದವರ ಓದನ್ನು ಮತ್ತೆ ಕೆದಕದೆ 30 ದಿನದೊಳಗೆ ಲೈಸೆನ್ಸ್ ಕೊಡಲಿ. ಅರ್ಜಿ ಹಾಕಿದ ದಿನದಿಂದ ಅದು ಇತ್ಯರ್ಥವಾಗುವವರೆಗೆ ಸಿಪಿಎ ಆಗಿಯೇ ದುಡಿಯಲು ತಾತ್ಕಾಲಿಕ ಅನುಮತಿ ಇರಲಿ. ನೈತಿಕ ನಿಯಮಗಳ ಪರೀಕ್ಷೆ ಇನ್ನೊಮ್ಮೆ ಬೇಕೆಂದರೆ ಇಡಲಿ, ಬರೆಯುತ್ತೇವೆ.

ಭದ್ರಾವತಿಯ ಹುಡುಗಿಯೊಬ್ಬಳು ಬರುವ ಜನವರಿಗೆ ನಮ್ಮ ಊರಿಗೆ ಬರುತ್ತಿದ್ದಾಳೆ. ಲೈಸೆನ್ಸ್ ಬಂದು ಇನ್ನೂ ಎರಡು ವರ್ಷವಾಗಿಲ್ಲ. ಏನೇನು ಕಾಗದ ಬೇಕು ಅಕ್ಕಾ ಎಂದು ಮೊನ್ನೆ ಫೋನ್ ಮಾಡಿದ್ದಳು. ನನ್ನ ಹಳೆಯ ಫೈಲು ತೆಗೆದು ಪಟ್ಟಿ ಓದಿ ಹೇಳಿದೆ. ನಡುವೆ ಅವಳು ಒಮ್ಮೆ ನಿಲ್ಲಿಸಿ, ಊರಲ್ಲಿ ಓಡಾಡಲು ಈಗ ಅಪ್ಪ ಒಬ್ಬರೇ ಇರೋದು ಎಂದಳು.

ಇಂತಿ,
ಕಳೆದ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಿದ ನಿಮ್ಮ ಕ್ಷೇತ್ರದ ಒಬ್ಬ ಸಿಪಿಎ