‘ನ್ಯೂಕಾಸಲ್ ಹತ್ತಿರ’ ಅಂದ ಮಗಳಿಗೆ

ಪುಟ್ಟೀ,

ನಿನ್ನ ಬೀಳ್ಕೊಡುಗೆ ಊಟದಲ್ಲಿ ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ ಅಂತ ನಿಮ್ಮಮ್ಮ ಇನ್ನೂ ಬೈಯುತ್ತಿದ್ದಾಳೆ. ಮಗಳಿಗೆ ಟೊರಾಂಟೊದಲ್ಲಿ ಅಷ್ಟು ಒಳ್ಳೆ ಕೆಲಸ ಸಿಕ್ಕಿದೆ, ನಗುನಗುತ್ತಾ ಇರೋಕೆ ನಿಮಗೇನು ಕಷ್ಟ ಅಂತ. ಕಷ್ಟ ಏನೂ ಇರಲಿಲ್ಲ. ಎದುರಿಗಿದ್ದ ಹುಡುಗಿ ನಿನ್ನ ಊರು ಯಾವುದು ಅಂತ ಕೇಳಿದಳು. ನೀನು, ‘ನ್ಯೂಕಾಸಲ್ ಹತ್ತಿರ, ಅಲ್ಲಿ ಏನೂ ಇಲ್ಲ ಬಿಡು’ ಅಂದೆ. ಆಮೇಲೆ ನನಗೆ ಊಟ ಸೇರಲಿಲ್ಲ. ಬೇಜಾರಾಗಿದ್ದರೆ ಕ್ಷಮಿಸು. ಆದರೆ ಆ ಮಾತನ್ನು ಹಾಗೇ ಬಿಡೋಕೂ ಆಗುತ್ತಿಲ್ಲ. ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಈಸಿಂಗ್ಟನ್ ಕಾಲಿಯರಿ, ಕಲ್ಲಿದ್ದಲ ಗಣಿಯ ಊರು. ಇಂಗ್ಲೆಂಡಿನ ಈಶಾನ್ಯದ ಕೌಂಟಿ ಡರಮ್. ಹತ್ತಿರ ಅನ್ನುವುದಾದರೆ ಸಂಡರ್‌ಲೆಂಡ್ ಅನ್ನಬೇಕಿತ್ತು. ಹಾಗಂದಿದ್ದರೂ ನನಗೆ ಸಿಟ್ಟು ಬರುತ್ತಿತ್ತು ಅನ್ನು. ‘ನೀವೂ ದಾವಣಗೆರೆ ಅನ್ನದೆ ಬೆಂಗಳೂರು ಹತ್ತಿರ ಅಂತಲೇ ಹೇಳಿಕೊಂಡು ಬಂದಿರಲ್ಲ’ ಅಂತ ನಿಮ್ಮಮ್ಮ ಮಧ್ಯೆ ಬಾಯಿ ಹಾಕಿದಳು. ಅದು ಬೇರೆ ವಿಷಯ. ದಾವಣಗೆರೆ ಅಂದರೆ ಇಲ್ಲಿ ಯಾರಿಗೆ ಗೊತ್ತಾಗುತ್ತದೆ?

ಏನೂ ಇಲ್ಲ ಅಂದೆಯಲ್ಲ. 1825ರ ಸೆಪ್ಟೆಂಬರ್ 27ರಂದು ಉಗಿಬಂಡಿ ಜನರನ್ನೂ ಕಲ್ಲಿದ್ದಲನ್ನೂ ಎಳೆದುಕೊಂಡು ಶಿಲ್ಡನ್‌ನಿಂದ ಡಾರ್ಲಿಂಗ್ಟನ್ ಮೇಲೆ ಸ್ಟಾಕ್ಟನ್‌ಗೆ ಹೋಯಿತಲ್ಲ, ಆ ದಾರಿ ಶುರುವಾಗುವುದು ನಮ್ಮ ಕೌಂಟಿಯಲ್ಲೇ. ಡರಮ್ ಕೆಥೆಡ್ರಲ್, ಆ ದೊಡ್ಡ ಚರ್ಚಿನ ವಿಷಯ ಹೇಳಲೇಬೇಕಾ? 1093ರಲ್ಲಿ ಅಡಿಪಾಯ ಹಾಕಿದರು, ಮುಖ್ಯ ಕಟ್ಟಡಕ್ಕೆ ಸುಮಾರು 40 ವರ್ಷ ಹಿಡಿಯಿತು. ಅದಕ್ಕೂ ನೂರು ವರ್ಷ ಮೊದಲು, 995ರಲ್ಲಿ, ಸನ್ಯಾಸಿಗಳು ಸಂತ ಕತ್‌ಬರ್ಟ್‌ನ ದೇಹ ಹೊತ್ತುಕೊಂಡು ಜಾಗ ಹುಡುಕುತ್ತಾ ಬಂದರಂತೆ. ಕಳೆದುಹೋದ ಕಂದು ಹಸುವನ್ನು ಹುಡುಕುತ್ತಿದ್ದ ಹೆಂಗಸಿನ ಹಿಂದೆ ಹೋಗಿ ಈ ಗುಡ್ಡ ಕಂಡರಂತೆ. ಮೊದಲ ಸಲ ಆ ಕಥೆ ಕೇಳಿದಾಗ ನನಗೆ ನಗು ಬಂತು. ಹಸು ಹುತ್ತಕ್ಕೆ ಹಾಲು ಸುರಿಸಿದ ಕಡೆ ಗುಡಿ ಎದ್ದಿತು ಅಂತ ನಮ್ಮ ಕಡೆ ಊರಿಗೊಂದು ಕಥೆ ಇದೆಯಲ್ಲ, ಹಾಗೇ ಇದು. ಇಲ್ಲಿ ನನಗೆ ಪರಕೀಯ ಅನ್ನಿಸದ ಮೊದಲ ಜಾಗ ಆ ಕೆಥೆಡ್ರಲ್. ಸಸ್ಯಾಹಾರಿ ಲಿಂಗಾಯತ ಡಾಕ್ಟರು ಕ್ರಿಸ್ತರ ಸಂತನ ಸಮಾಧಿ ಮುಂದೆ ಕೂರುವುದು ನೋಡಿ ನೀನು ತಮಾಷೆ ಮಾಡುತ್ತಿದ್ದೆ. ಮಾಡಿಕೋ.

ಆದರೆ ನಾನು ಹೇಳಬೇಕಾಗಿರುವುದು ಅದಲ್ಲ. ಪರದೆಯ ವಿಷಯ.

‘ಮತ್ತೆ ಶುರುವಾಯ್ತಾ ಅಪ್ಪಾ’ ಅನ್ನಬೇಡ. 1951ರ ಮೇ 29ರಂದು ಬೆಳಗಿನ ಜಾವ ನಮ್ಮೂರ ಗಣಿಯಲ್ಲಿ ಸ್ಫೋಟವಾಯಿತು. ಕಲ್ಲಿದ್ದಲು ಕತ್ತರಿಸುವ ಯಂತ್ರದ ಹಲ್ಲು ಪೈರೈಟ್ ಕಲ್ಲಿಗೆ ಬಡಿದು ಕಿಡಿ ಹಾರಿತು. ಅನಿಲ ಹೊತ್ತಿಕೊಂಡಿತು, ಹಿಂದೆಯೇ ಕಲ್ಲಿದ್ದಲ ಧೂಳೂ ಹೊತ್ತಿಕೊಂಡಿತು. ಪಾಳಿ ಬದಲಾಗುವ ಹೊತ್ತು, ಎರಡೂ ಪಾಳಿಯವರು ಕೆಳಗಿದ್ದರು. 81 ಜನ ಹೋದರು. ರಕ್ಷಣೆಗೆ ಇಳಿದವರಲ್ಲಿ ಇಬ್ಬರು. ಒಟ್ಟು 83.

ಇದನ್ನು ಯಾರು ಬೇಕಾದರೂ ಓದಿಕೊಳ್ಳಬಹುದು. ನನಗೆ ಹೇಳಿದವರು ಒಬ್ಬ ಅಜ್ಜ. ರೋಗಿಗಳ ಹೆಸರು ಹೇಳುವುದಿಲ್ಲ, ನಿನಗೆ ಗೊತ್ತು. ಕಲ್ಲಿದ್ದಲ ಧೂಳು ತುಂಬಿದ ಎದೆ. ನಾನು ಸ್ಟೆತಸ್ಕೋಪ್ ಇಟ್ಟರೆ ಸಾಕು, ಮಾತನ್ನು ತಮ್ಮ ತೋಟದ ಲೀಕ್ ಅನ್ನುವ ಈರುಳ್ಳಿ ಜಾತಿಯ ತರಕಾರಿ ಕಡೆಗೆ ತಿರುಗಿಸುತ್ತಿದ್ದರು. ಸ್ಪರ್ಧೆಗೆ ಅಂತಲೇ ಬೆಳೆಸಿದ, ತೋಳು ದಪ್ಪದ ಲೀಕ್. ಸ್ಪರ್ಧೆ ಮುಗಿದ ಮೇಲೆ ಅದು ನಮ್ಮನೆಗೆ ಬರುತ್ತಿತ್ತು, ನಿಮ್ಮಮ್ಮ ತೆಂಗಿನಕಾಯಿ ಹಾಕಿ ಪಲ್ಯ ಮಾಡುತ್ತಿದ್ದಳು. ಒಂದು ದಿನ, ಏನೂ ಕೇಳದಿದ್ದರೂ, ಆ ಮೇ ತಿಂಗಳ ಬಗ್ಗೆ ಹೇಳಿದರು. ಆಗ ಅವರಿನ್ನೂ ಹುಡುಗ. ಯಾರು ಸತ್ತರು ಅಂತ ಅವರಮ್ಮ ಯಾರನ್ನೂ ಕೇಳಲಿಲ್ಲವಂತೆ. ಬೀದಿಯಲ್ಲಿ ನಡೆದುಕೊಂಡು ಹೋಗುತ್ತಾ ಯಾವ ಮನೆಯ ಪರದೆ ಎಳೆದಿದೆ ಅಂತ ನೋಡಿದರಂತೆ. ಪರದೆ ಎಳೆದಿದ್ದರೆ ಆ ಮನೆಯಲ್ಲಿ ಸಾವು. ಒಂದು ಕಡೆ ನೋಡಿಕೊಂಡು ಹೋಗಿ, ಇನ್ನೊಂದು ಕಡೆ ನೋಡಿಕೊಂಡು ಬಂದು, ಒಲೆಗೆ ದೊಡ್ಡ ಪಾತ್ರೆ ಇಟ್ಟರಂತೆ. ಪರದೆ ಎಳೆದ ಮನೆಗಳಿಗೆಲ್ಲ ಸಾರು.

ಇಷ್ಟು ಹೇಳಿ ಅವರು ಮತ್ತೆ ಲೀಕ್‌ಗೆ ಹಾಕುವ ಗೊಬ್ಬರದ ಬಗ್ಗೆ ಶುರು ಮಾಡಿದರು.

ಆವತ್ತಿನಿಂದ ಬೆಳಿಗ್ಗೆ ವಾಕಿಂಗ್ ಹೋದರೆ ನನ್ನ ಕಣ್ಣು ಪರದೆಗಳ ಮೇಲೇ. ಎಂಟೂವರೆ ಆದರೂ ತೆಗೆದಿಲ್ಲವಲ್ಲ, ರಜೆ ಇರಬಹುದು, ಊರಲ್ಲಿ ಇಲ್ಲದಿರಬಹುದು. ನಾನೊಬ್ಬನೇ ಅಲ್ಲ ಹೀಗೆ ನೋಡುವುದು. ನೀನು ಯೂನಿವರ್ಸಿಟಿಯಲ್ಲಿದ್ದಾಗ, ನಿಮ್ಮಮ್ಮ ಊರಿಗೆ ಹೋಗಿದ್ದಾಗ, ನನಗೆ ವಿಪರೀತ ಜ್ವರ ಬಂದು ಎದ್ದಿರಲಿಲ್ಲ. ಒಂಬತ್ತು ಗಂಟೆಗೆ ಪಕ್ಕದ ಮನೆಯಾಕೆ ಬಾಗಿಲು ಬಡಿದರು. ‘ಡಾಕ್ಟರೇ, ನಿಮ್ಮ ಪರದೆ ತೆಗೆದಿಲ್ಲ.’ ಅಷ್ಟೇ ಅಂದಿದ್ದು. ಈ ವಿಷಯ ನಾವು ನಿನಗೆ ಹೇಳಿರಲಿಲ್ಲ. ಪರೀಕ್ಷೆ ಇತ್ತು.

ಟೊರಾಂಟೊದಲ್ಲಿ ನಿನ್ನ ಫ್ಲ್ಯಾಟ್ ಎಷ್ಟನೇ ಮಹಡಿ ಅಂದೆ? ಇಪ್ಪತ್ತಾರಾ? ಅಲ್ಲಿ ಯಾರಿಗೆ ಕಾಣುತ್ತದೆ ನಿನ್ನ ಪರದೆ?

ಗಣಿಯವರು ಪರದೆ ನೋಡಿ ಮರುಗಿ ಸುಮ್ಮನಾಗಲಿಲ್ಲ, ಇದನ್ನು ಮರೆಯಬೇಡ. ಆ ಸ್ಫೋಟಕ್ಕೂ ಎಷ್ಟೋ ಮೊದಲು, ಕೆಲಸ ಬಿಟ್ಟರೆ ಕಂಪನಿ ಮನೆಯನ್ನೂ ಬಿಡಬೇಕಾಗಿದ್ದ ಕಾಲವಿತ್ತು. ಮುದುಕರು ಎಲ್ಲಿಗೆ ಹೋಗಬೇಕು? 1898ರಲ್ಲಿ ಸಂಘ ಕಟ್ಟಿದರು. ಕೆಲಸದಲ್ಲಿದ್ದವರು ತಮ್ಮ ಕೂಲಿಯಲ್ಲಿ ಚಿಲ್ಲರೆ ಚಿಲ್ಲರೆ ಕೊಟ್ಟು, ವಯಸ್ಸಾದ ಗಣಿ ಕಾರ್ಮಿಕರಿಗೆ ಮನೆ ಕಟ್ಟಿಸಿದರು. 1915ರಲ್ಲಿ ಡರಮ್ ನಗರದ ರೆಡ್‌ಹಿಲ್ಸ್‌ನಲ್ಲಿ ತಮ್ಮದೇ ಸಭಾಂಗಣ ತೆರೆದರು. ಒಂದೊಂದು ಗಣಿಯ ಪ್ರತಿನಿಧಿಗೂ ಒಂದೊಂದು ನಂಬರಿನ ಕುರ್ಚಿ. ಗಣಿಯವರ ಪಾರ್ಲಿಮೆಂಟು ಅಂತಲೇ ಅದಕ್ಕೆ ಹೆಸರು. ನಿನ್ನ ಹೊಸ ಕಂಪನಿಯಲ್ಲಿ ಯೂನಿಯನ್ ಇದೆಯಾ? ಇದ್ದರೆ ಸೇರು. ಇದು ಭಾಷಣ ಅಲ್ಲ. ಸರಿ, ಭಾಷಣವೇ.

ಜುಲೈ ಎರಡನೇ ಶನಿವಾರ ಗಾಲಾ, ಡರಮ್‌ನಲ್ಲಿ ಗಣಿಯವರ ವಾರ್ಷಿಕ ಮೆರವಣಿಗೆ. ಅಷ್ಟೊತ್ತಿಗೆ ನೀನು ಇರುವುದಿಲ್ಲ. 1871ರಿಂದ ನಡೆದುಬಂದಿದ್ದು. ನಮ್ಮೂರ ಗಣಿ ಮುಚ್ಚಿದ್ದು 1993ರಲ್ಲಿ, ನೀನು ಹುಟ್ಟುವ ಮೊದಲೇ. ಇವತ್ತು ಇಡೀ ಕೌಂಟಿಯಲ್ಲಿ ನೆಲದಡಿಯ ಒಂದು ಕಲ್ಲಿದ್ದಲ ಗಣಿಯೂ ಇಲ್ಲ. ಆದರೂ ಬ್ಯಾಂಡು ಬಾರಿಸಿಕೊಂಡು, ರೇಷ್ಮೆ ಬ್ಯಾನರ್ ಎತ್ತಿಕೊಂಡು ಜನ ಬರುತ್ತಾರೆ. ಇಲ್ಲದ ಗಣಿಗೆ ಮೆರವಣಿಗೆ ಯಾಕೆ ಅಂತ ಹದಿನಾಲ್ಕನೇ ವಯಸ್ಸಿನಲ್ಲಿ ಕೇಳಿದ್ದೆ, ಅದೂ ಒಳ್ಳೆ ವ್ಯಂಗ್ಯವಾಗಿ. ಆವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಗಣಿಯಲ್ಲಿ ಆ ವರ್ಷ ಯಾರಾದರೂ ಸತ್ತಿದ್ದರೆ ಅದರ ಬ್ಯಾನರಿಗೆ ಕಪ್ಪು ಬಟ್ಟೆ ಕಟ್ಟುತ್ತಿದ್ದರು. ನೋಡು, ಇದೂ ಪರದೆಯೇ. ಇಡೀ ಕೌಂಟಿಗೆ ಕಾಣುವ ಹಾಗೆ ಎಳೆದಿದ್ದು. ‘ಗ್ರೆಸ್‌ಫರ್ಡ್’ ನುಡಿಸಿದಾಗ, ಅದುವರೆಗೆ ಬಿಯರ್ ಹಿಡಿದು ಗಲಾಟೆ ಮಾಡುತ್ತಿದ್ದವರೂ ಟೋಪಿ ತೆಗೆದು ನಿಲ್ಲುತ್ತಾರೆ. ಆ ಸಂಗೀತ ರಚಿಸಿದ ರಾಬರ್ಟ್ ಸೇಂಟ್ ಕೂಡ ಗಣಿ ಕೆಲಸದವನೇ. ಗ್ರೆಸ್‌ಫರ್ಡ್ ಅನ್ನುವುದು ಗಣಿಯ ಹೆಸರು; ಅಲ್ಲಿ ಸತ್ತವರು ವೇಲ್ಸ್‌ನವರು, 1934ರಲ್ಲಿ, 266 ಜನ. ಅಷ್ಟು ದೂರದವರಿಗಾಗಿ ಈ ಕಡೆಯವನು ಬರೆದ.

ನೀನು ಹೋಗುವುದು ಬೇಡ ಅನ್ನುತ್ತಿಲ್ಲ. ನಾನೇ ಅಪ್ಪ ಅಮ್ಮನನ್ನು ಬಿಟ್ಟು ಇಷ್ಟು ದೂರ ಬಂದವನು, ಯಾವ ಬಾಯಲ್ಲಿ ಬೇಡ ಅನ್ನಲಿ? ನಿನ್ನ ಕೆಲಸದ ವಿಷಯ ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಕೆಲವರಿಗೆ ಎರಡೆರಡು ಸಲ. ಮನೆ ಮಾರಿ ನಾವೂ ಲಂಡನ್ ಕಡೆ ಹೋಗಬೇಕು ಅನ್ನುವ ನಿನ್ನ ಸಲಹೆ ಮಾತ್ರ ಇಲ್ಲಿಗೇ ನಿಲ್ಲಲಿ. ಇನ್ನೊಂದು ಸಲ ಎತ್ತಬೇಡ.

ಅಲ್ಲಿ ಹೋದ ಮೊದಲ ವಾರವೇ ಅಕ್ಕಪಕ್ಕದವರ ಬಾಗಿಲು ತಟ್ಟು. ಅಲ್ಲಿ ಹಾಗೆಲ್ಲ ಮಾಡುವುದಿಲ್ಲ ಅಪ್ಪಾ ಅನ್ನುತ್ತೀಯ. ಮಾಡು. ಅವರ ಹೆಸರು, ಫೋನ್ ನಂಬರ್ ನನಗೆ ಕಳಿಸು. ಒಬ್ಬರದ್ದು ಸಾಲದು, ಇಬ್ಬರದ್ದು. ನಾನು ಕೇಳಿದೆ ಅಂತ ನಿಮ್ಮಮ್ಮನಿಗೆ ಹೇಳಬೇಡ.

ಇಂತಿ,
ಅಪ್ಪ